ಕಣ್ಣು ಮುಚ್ಕೊಂಡು ಬೈಯೋದು

ಮೊದಲೇ ಹೇಳಿಬಿಡ್ತೀನಿ, ಕೇಳಿಸ್ಕೊಳ್ಳಿ. ನಮ್ಮಜ್ಜಿ ಬಾಯಿ ಮುಚ್ಚಿಸಿದವಳು ನಾನು. ಹದಿನಾರು ವರ್ಷ ನಮ್ಮಪ್ಪನ ಕೈಲಿ ಆಗದೇ ಇದ್ದಿದ್ದನ್ನ ಒಂದೇ ಡೈಲಾಗಲ್ಲಿ ಮುಗಿಸಿದೆ. ಹಿಂದೆ ಮ್ಯೂಸಿಕ್ ಇರಲಿಲ್ಲ ಅಷ್ಟೇ, ಇದ್ದಿದ್ರೆ ನೀವೂ ಎದ್ದು ಶಿಳ್ಳೆ ಹೊಡೀತಿದ್ರಿ.

ನಮ್ಮನೇಲಿ ದಿನಾ ಸಂಜೆ ಏಳಕ್ಕೆ ಪ್ರಾರ್ಥನೆ. ಊಟದ ಮೇಜಿನ ಸುತ್ತ ಐದು ಜನ: ಅಜ್ಜಿ, ಅಪ್ಪ, ಅಮ್ಮ, ನಾನು, ತಂಗಿ. ಬೇರೆಯವರ ಮನೆ ಪ್ರಾರ್ಥನೆ ಮೇಲಕ್ಕೆ ಹೋಗತ್ತೆ. ನಮ್ಮಜ್ಜಿ ಪ್ರಾರ್ಥನೆ ಮಾತ್ರ ನೇರ ಅಮ್ಮ ಕೂತಿರೋ ಕುರ್ಚಿಗೆ ಹೋಗತ್ತೆ.

"ಕರ್ತನೇ, ಬಟ್ಟೆ ನೆನೆಹಾಕಿ ಮರೆತುಬಿಡೋರಿಗೆ ಬುದ್ಧಿ ಕೊಡಪ್ಪಾ... ತವರಲ್ಲಿ ಏನೂ ಕಲೀದೆ ಬಂದೋರನ್ನ ಕ್ಷಮಿಸಪ್ಪಾ..."

ಕೈ ಜೋಡಿಸಿ, ಕಣ್ಣು ಮುಚ್ಚಿ, ಸಣ್ಣ ದನೀಲಿ ಬೈಗುಳ. ತಿರುಗಿ ಮಾತಾಡೋ ಹಾಗಿಲ್ಲ, ಪ್ರಾರ್ಥನೆ ಮಧ್ಯೆ ಯಾರಾದ್ರೂ ಬಾಯಿ ಹಾಕ್ತಾರಾ? ಕೊನೇಲಿ ಅಮ್ಮಾನೂ "ಆಮೆನ್" ಅನ್ನಬೇಕು. ತನಗೆ ಬಿದ್ದ ಏಟಿಗೆ ತಾನೇ ಸಹಿ ಹಾಕಬೇಕು. ನನಗೆ ಮೈಯೆಲ್ಲ ಉರಿದುಹೋಗೋದು.

ನಮ್ಮ ಚರ್ಚಲ್ಲಿ ಹುಡುಗ ಹುಡುಗೀರ ಯೂತ್ ಗ್ರೂಪ್ ನಡೆಸೋ ಅಣ್ಣ ಒಬ್ರಿದ್ದಾರೆ. ವಾರವೆಲ್ಲ ಮನೆಗಳಿಗೆ ವೈರಿಂಗ್ ಮಾಡ್ತಾರೆ, ಭಾನುವಾರ ನಮಗೆ ಕರೆಂಟ್ ಹರಿಸೋಕೆ ನೋಡ್ತಾರೆ. ಅವರು ಅಮ್ಮನ್ನ ಕೇಳಿದ್ರು: "ಅಕ್ಕಾ, ಈ ಹುಡುಗರು ಹಾಡಿದ್ರೆ ಗೋಪುರದ ಪಾರಿವಾಳ ಮನೆ ಖಾಲಿ ಮಾಡ್ತವೆ. ಭಾನುವಾರ ಮೂರು ಗಂಟೆಗೆ ಬಂದು ಸ್ವಲ್ಪ ಕಲಿಸ್ತೀರಾ?"

ಅಮ್ಮ ನಾಲ್ಕು ಭಾನುವಾರ ಬಂದಳು. ಮದುವೆಗೆ ಮುಂಚೆ ಹಾಡ್ತಿದ್ದಳಂತೆ, ನಮಗೇ ಗೊತ್ತಿರಲಿಲ್ಲ. ಬೆಂಚ್ ಮೇಲೆ ತಾಳ ಹಾಕ್ತಾ, ತಪ್ಪಿದಾಗ ನನ್ನ ಕಿವಿ ಹಿಂಡ್ತಾ, ಜೋರಾಗಿ ನಗ್ತಿದ್ದಳು. ಆ ನಗು ನಮ್ಮನೆಗೆ ಒಂದು ದಿನಾನೂ ಬಂದಿರಲಿಲ್ಲ.

ನಾಲ್ಕನೇ ಭಾನುವಾರ ಸಂಜೆ ಅಜ್ಜಿ ಕಣ್ಣು ಮುಚ್ಚಿದಳು.

"ಕರ್ತನೇ, ವಯಸ್ಸಾದ ಅತ್ತೇನ ಬಿಟ್ಟು ಹುಡುಗರ ಮಧ್ಯೆ ಕುಣಿಯೋಕೆ ಹೋಗೋರ ಮನಸ್ಸು ತಿರುಗಿಸಪ್ಪಾ... ಈ ಮನೆ ಮರ್ಯಾದೆ ಕಾಪಾಡಪ್ಪಾ..."

ಅಮ್ಮ "ಆಮೆನ್" ಅಂದಳು. ಆಮೇಲೆ ಪಾತ್ರೆ ಉಜ್ಜುತ್ತಾ, ನಮ್ಮ ಮುಖ ನೋಡದೆ ಹೇಳಿದಳು, "ನಾನಿನ್ನು ಬರಲ್ಲ ಕಣ್ರೇ. ನೀವೇ ಆ ಅಣ್ಣಂಗೆ ಹೇಳಿಬಿಡಿ."

"ಅಪ್ಪಾ, ನೀವಾದ್ರೂ ಏನಾದ್ರೂ ಹೇಳಿ" ಅಂದೆ.

"ಏನು ಹೇಳೋದು? ನಿಮ್ಮಜ್ಜಿ ಪ್ರಾರ್ಥನೆ ತಾನೇ ಮಾಡಿದ್ದು" ಅಂದ್ರು ಅಪ್ಪ. ಅವರು ಓದ್ತಿದ್ದ ಪೇಪರ್ ಹರಿದು ಕೈಗೆ ಕೊಡೋಣ ಅನ್ನಿಸ್ತು.

ಮುಂದಿನ ಭಾನುವಾರ ಅಮ್ಮ ಬರಲಿಲ್ಲ. ಯಾಕೆ ಅಂತ ಅಣ್ಣಂಗೆ ನಾನೇ ಹೇಳಿದೆ. ಹಾಡಿನ ಹೊತ್ತಲ್ಲಿ ಅಣ್ಣ ಪಾಠ ಮಾಡಿದ್ರು. "ದೇವರ ಹತ್ರ ಇನ್ನೊಬ್ಬರ ಚಾಡಿ ಹೇಳೋದು ಪ್ರಾರ್ಥನೆ ಅಲ್ಲ. ಇವತ್ತು ಮನೇಲಿ ಎಲ್ಲರೂ ಒಂದೇ ಒಂದು ವಾಕ್ಯ ಜೋರಾಗಿ ಹೇಳಿ. ನಿಮ್ಮ ಬಗ್ಗೆ, ನಿಜ ಇರೋದು."

"ಒಂದು ವಾಕ್ಯದಲ್ಲಿ ಬೈಬಹುದಾ ಅಣ್ಣಾ?" ಅಂದೆ ನಾನು.

"ನಿನಗೆಲ್ಲಿ ನೋವಾಗಿದೆ ಅಂತ ಹೇಳು. ಉಳಿದಿದ್ದು ಅವನು ನೋಡ್ಕೋತಾನೆ."

ಸಂಜೆ ಏಳು. ಅಜ್ಜಿದು ಮುಗೀತು. ನಾನು ಕುರ್ಚಿ ಹಿಂದಕ್ಕೆ ಒದ್ದು ಎದ್ದೆ. ಮೇಜು ಗುದ್ದಿದೆ. "ಕರ್ತನೇ, ನಿನ್ನ ಹೆಸರು ಹಿಡ್ಕೊಂಡು ನಮ್ಮಮ್ಮನ್ನ ಯಾರೇ ಚುಚ್ಚಿದ್ರೂ, ಮಧ್ಯದಲ್ಲಿ ನಾನಿರ್ತೀನಿ." ಅಜ್ಜಿ ಕನ್ನಡಕ ಜಾರಿ ತಟ್ಟೆಗೆ ಬಿತ್ತು...

ಇಲ್ಲ. ಸುಳ್ಳು. ಅದು ಬಚ್ಚಲುಮನೆ ಕನ್ನಡಿ ಮುಂದೆ ಮೂರು ಸಲ ಹೇಳ್ಕೊಂಡಿದ್ದು.

ನಿಜವಾಗ್ಲೂ ಅಜ್ಜಿದಾದ ಮೇಲೆ ನನ್ನ ಸರದಿ ಬಂತು. "ಊಟಕ್ಕೆ ಸ್ತೋತ್ರ, ಆಮೆನ್" ಅಂದು ಕೂತೆ. ಪಕ್ಕದಲ್ಲಿ ತಂಗಿ. ಹದಿಮೂರು ವರ್ಷ, ದನಿ ಸಣ್ಣದು ಅಂತ ಗುಬ್ಬಿ ಅಂತೀವಿ. ಅವಳು ಹೇಳಿದಳು:

"ದೇವರೇ, ಅಜ್ಜಿ ಪ್ರಾರ್ಥನೆ ಶುರು ಮಾಡಿದ್ರೆ ನನಗೆ ನಿನ್ನ ಕಂಡ್ರೇ ಭಯ ಆಗತ್ತೆ."

ಯಾರೂ ಆಮೆನ್ ಅನ್ನಲಿಲ್ಲ. ಅಜ್ಜಿ ಕಣ್ಣು ಬಿಟ್ಟಳು. ನನ್ನ ಕಡೆ ತಿರುಗಿ, "ನಿನಗೂ ಹಂಗೇ ಅನ್ಸತ್ತಾ?" ಅಂತ ಕೇಳಿದಳು.

"ಇಲ್ಲಜ್ಜಿ" ಅಂದೆ.

ಗುಬ್ಬಿ ಒಬ್ಬಳೇ ಆಗಿಹೋದಳು... ಅಮ್ಮ ಎದ್ದು ಬಂದು ಅವಳ ಹೆಗಲ ಮೇಲೆ ಕೈ ಇಟ್ಟಳು. "ಅತ್ತೆ, ಭಾನುವಾರ ಮೂರಕ್ಕೆ ನಾನು ಚರ್ಚಿಗೆ ಹೋಗ್ತೀನಿ. ನಾಲ್ಕೂವರೆಗೆ ಬರ್ತೀನಿ." ಅಷ್ಟೇ. ಅಜ್ಜಿ ಉಣ್ಣದೆ ಎದ್ದು ಹೋದಳು. ಅಪ್ಪ ತಲೆ ಎತ್ತಲೇ ಇಲ್ಲ.

ಭಾನುವಾರ ಅಣ್ಣ ಕೇಳಿದ್ರು, "ಒಂದು ವಾಕ್ಯ ಯಾರು ಹೇಳಿದ್ರಿ?" ನಾನು ಕೈ ಎತ್ತಿದೆ. ಇಡೀ ಕಥೆ ಹೇಳಿದೆ, ಗುಬ್ಬಿ ವಾಕ್ಯ ನನ್ನದು ಅಂತ. ಎಲ್ಲರೂ ಚಪ್ಪಾಳೆ ಹೊಡೆದ್ರು. ಗುಬ್ಬಿ ಬೆಂಚ್ ಮೇಲಿನ ಬಣ್ಣ ಕೆರೀತಾ ಕೂತಿದ್ದಳು. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಎಲ್ಲಾ ಕೇಳಿಸ್ಕೊಂಡಿದ್ದಳು. ಬೈಯಲಿಲ್ಲ.

"ಎದ್ದು ನಿಲ್ಲಿ. ಮೊದಲನೇ ಸಾಲು" ಅಂದಳು.

ಎಲ್ಲರೂ ಹಾಡಿದ್ರು. ನನ್ನ ಗಂಟಲಿಂದ ಸ್ವರ ಹೊರಡಲೇ ಇಲ್ಲ.