ಎದುರಿಗೆ ಕೂತ ಮುಖ

"ಬೆಟ್ಟ ಬರಿ, ಮರ ಬರಿ, ರಾಕ್ಷಸರನ್ನ ಬೇಕಾದಷ್ಟು ಬರಿ. ಎದುರಿಗೆ ಕೂತಿರೋರ ಮುಖ ಮಾತ್ರ ಈ ಕುಂಚದಲ್ಲಿ ಬರೀಬೇಡಮ್ಮ," ಎಂದರು ಹಿರಿಯ ಚಿತ್ರಕಾರ ಚಿದಂಬರ.

ವೈಜಯಂತಿ ನಕ್ಕುಬಿಟ್ಟಳು. ನಗದೆ ಏನು ಮಾಡಿಯಾಳು? ನೋಯ್ಡಾದ ಆ ನೆಲಮಾಳಿಗೆಯ ಸ್ಟುಡಿಯೋದಲ್ಲಿ ಅಮೆರಿಕದ ಆಟದ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದರು. ನಾಲ್ಕು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ತಾವೇ ವೀರರೂ ಮಾಂತ್ರಿಕರೂ ಆಗಿ ಆಡುವ ಆಟ. ಅದರ ನಿಯಮಗಳಿಗೇ ಇನ್ನೂರು ಪುಟ. ರಟ್ಟಿನ ಬಣ್ಣದ ಚಿತ್ರವನ್ನು ಅಲ್ಲಿನವರೇ ಬರೆಯುತ್ತಿದ್ದರು. ಒಳಪುಟಗಳ ಕಪ್ಪು ಬಿಳುಪು ಚಿತ್ರ ಅಗ್ಗಕ್ಕೆ ಬೇಕು, ಅದು ಇಲ್ಲಿಗೆ. ಚಿದಂಬರ ಬರೆದ ಡ್ರ್ಯಾಗನ್ನಿನ ಚಿಪ್ಪು ಮುಟ್ಟಿದರೆ ಬೆರಳು ಕೊಯ್ಯುವಂತಿರುತ್ತಿತ್ತು. ಅದರ ಮುಂದೆ ನಿಂತ ವೀರನ ಮುಖ ಮಾತ್ರ ಮರದ ಹಲಗೆ, ಎಲ್ಲ ಪುಸ್ತಕದಲ್ಲೂ ಅದೇ ಹಲಗೆ. ಕೊಂಡವರು ಇಂಟರ್‌ನೆಟ್ಟಿನಲ್ಲಿ ಉಗಿದಿದ್ದರು. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು, ದೆಹಲಿಯ ಸರೋಜಿನಿ ನಗರದ ಅಕ್ಕನ ಮನೆಗೆ ಬಂದಿದ್ದ ವೈಜಯಂತಿಗೆ ಕೆಲಸ ಸಿಕ್ಕಿದ್ದೇ ಆ ಉಗಿತದಿಂದ.

"ಮುಖ ಬರೆಯೋಕೆ ಬರಲ್ಲ ಅಂತ ಒಪ್ಕೊಂಡ್ಬಿಡಿ ಸರ್. ಅದಕ್ಕೆ ದೆವ್ವನ ಯಾಕೆ ಕರೀತೀರಿ?"

ಚಿದಂಬರ ಕೋಪಿಸಿಕೊಳ್ಳಲಿಲ್ಲ. ಕುಂಚವನ್ನು ಕೆಂಪು ಬಟ್ಟೆಯಲ್ಲಿ ಸುತ್ತುತ್ತ ಹೇಳಿದರು. ಅದು ಅವರ ತಾತ ಒಬ್ಬ ಮಾಟಗಾರನಿಗೆ ಕಟ್ಟಿಕೊಟ್ಟದ್ದು. ಬಾಣಂತಿಯಾಗಿ ಸತ್ತವಳ ಕೂದಲು. ಮಾಟಗಾರ ಶತ್ರುವಿನ ಮುಖ ಬರೆಸುತ್ತಿದ್ದ, ಮೈಮೇಲೊಂದು ಗಾಯವನ್ನೂ ಬರೆಸುತ್ತಿದ್ದ. ಮಸಿ ಒಣಗಿದ ಗಳಿಗೆಗೆ ಶತ್ರುವಿನ ಮೈಯಲ್ಲಿ ಗಾಯ. "ಹೋಲಿಕೆ ಚೆನ್ನಾಗಿ ಬಂದಷ್ಟೂ ಆಳ," ಎಂದರು.

"ಹಾಗಾದ್ರೆ ಸುಟ್ಟುಹಾಕಿ."

"ಸುಟ್ಟೋನ ವಂಶ ಉಳಿಯಲ್ಲ ಅಂದಿದ್ದ ತಾತ. ನನಗೆ ಮಕ್ಕಳಿದಾರೆ. ಮತ್ತೆ ಇದಿಲ್ದೆ ಡ್ರ್ಯಾಗನ್ನೂ ಬರಲ್ಲ, ಹೊಟ್ಟೆ ಕೇಳ್ಬೇಕಲ್ಲ."

ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದುಕೊಂಡಳು ವೈಜಯಂತಿ. ಶನಿವಾರ ಹೊರಡುವಾಗ ಕೆಂಪು ಬಟ್ಟೆಯ ಗಂಟು ಅವಳ ಚೀಲದಲ್ಲಿತ್ತು.

ಭಾನುವಾರ ಅಕ್ಕನ ಕ್ವಾರ್ಟರ್ಸಿನ ವರಾಂಡದಲ್ಲಿ ನಗೆಯೋ ನಗೆ. ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಗುಮಾಸ್ತರಾಗಿದ್ದ ಭಾವ ಚಂದ್ರಮೋಹನ ಲಟ್ಟಣಿಗೆಯನ್ನೇ ಕತ್ತಿ ಮಾಡಿಕೊಂಡು ವೀರನಾದರು. ಅಕ್ಕ ಅಹಲ್ಯಾ ಬೆಡ್‌ಶೀಟ್ ಹೊದ್ದು ಮಾಂತ್ರಿಕಳಾದಳು. "ಬೇಗ ಬರಿಯೇ, ಕುಕ್ಕರ್ ಕೂಗ್ತಿದೆ. ಹೀಗೆ ಕೂತ್ರೆ ನನ್ನ ಕುತ್ತಿಗೆ ಹೋಗತ್ತೆ," ಎಂದು ಗೊಣಗಿದಳು.

ಕುಂಚ ಮಸಿಗೆ ಅದ್ದಿದಾಗ ಸುಟ್ಟ ಕೂದಲಿನ ವಾಸನೆ ಬಂತು. ವೈಜಯಂತಿ ಮೂಗು ಮುರಿದು ಮುಂದುವರಿದಳು. ಎಂಥ ಗೆರೆ! ಕೈಗಿಂತ ಮೊದಲೇ ಅದಕ್ಕೆ ದಾರಿ ಗೊತ್ತಿತ್ತು. ಮೊದಲ ಹಾಳೆಯಲ್ಲಿ ಮೃಗವೊಂದು ಭಾವನ ಬೆನ್ನನ್ನು ಮೂರು ಉಗುರಿನಿಂದ ಸೀಳುತ್ತಿತ್ತು. ಎರಡನೆಯದರಲ್ಲಿ ಅದೇ ಮೃಗದ ಬಾಯಲ್ಲಿ ಅಕ್ಕನ ಕುತ್ತಿಗೆ. ಅಲ್ಲಿ ರಕ್ತಕ್ಕೆಂದು ಅವಳು ಮಸಿಯನ್ನು ದಪ್ಪವಾಗಿ ಸುರಿದಳು. ಜುಲೈ ತಿಂಗಳ ಜಿಗುಟು ಸೆಕೆ. ರಾತ್ರಿಯೆಲ್ಲ ಇಟ್ಟರೂ ಅದು ಹಸಿಯಾಗಿಯೇ ಇತ್ತು. ಮೊದಲ ಹಾಳೆ ಮಾತ್ರ ಒಣಗಿತು.

ಸೋಮವಾರ ಬೆಳಗ್ಗೆ ಭಾವ ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಟ್ಟೆ ಹರಿದಂಥ ಸದ್ದಾಯಿತು. ಬನಿಯನ್ ಹರಿದಿರಲಿಲ್ಲ. ಅದರೊಳಗೆ ಬೆನ್ನು ಹರಿದಿತ್ತು. ಬಿಳಿ ಬಟ್ಟೆಯ ಮೇಲೆ ಮೂರು ಕೆಂಪು ಪಟ್ಟೆ ಮೂಡಿ, ಅಗಲವಾಗಿ, ಒಂದಾದವು. ಅಕ್ಕ ಬನಿಯನ್ ಎತ್ತಿದಾಗ ಭುಜದ ಮೂಳೆ ಕಂಡಿತು. ಮೂರನೆಯ ಸೀಳು ಉಳಿದೆರಡಕ್ಕಿಂತ ಗಿಡ್ಡ. ಹಾಳೆಯಲ್ಲಿ ವೀರನ ಸೊಂಟದ ಪಟ್ಟಿ ಕೆಡಬಾರದೆಂದು ವೈಜಯಂತಿಯೇ ಅದನ್ನು ಗಿಡ್ಡ ಮಾಡಿದ್ದಳು.

ಅಕ್ಕನೂ ಪಕ್ಕದ ಮನೆಯವರೂ ಭಾವನನ್ನು ಆಸ್ಪತ್ರೆಗೆ ಹೊತ್ತೊಯ್ದರು. ವೈಜಯಂತಿ ಕುಂಚವನ್ನು ಚೀಲಕ್ಕೆ ಹಾಕಿಕೊಂಡು, ಎರಡನೆಯ ಹಾಳೆಯನ್ನು ಎದೆಗೆ ತಾಗದಂತೆ ಹಿಡಿದು ಸ್ಟುಡಿಯೋಗೆ ಆಟೋ ಹತ್ತಿದಳು. ಯಮುನೆ ದಾಟುವವರೆಗೂ ಅವಳ ಕಣ್ಣು ಆ ಕುತ್ತಿಗೆಯ ಮೇಲೆಯೇ. ಹೊಳೆಯುವ ಕಪ್ಪು ಅಂಚಿನಿಂದ ಒಳಕ್ಕೆ ಮಂಕಾಗುತ್ತಿತ್ತು. ಅಕ್ಕನ ಆಯುಸ್ಸು ಅಷ್ಟೇ ಉಳಿದಿತ್ತು.

ಸ್ಟುಡಿಯೋದಲ್ಲಿ ಕರೆಂಟ್ ಹೋಗಿತ್ತು. ಉಳಿದವರು ಚಹಾಕ್ಕೆಂದು ಹೊರಗೆ ಹೋಗಿದ್ದರು. ನೆಲಮಾಳಿಗೆಯ ಕತ್ತಲಲ್ಲಿ ಗೋಂದು, ಡೀಸೆಲ್, ಒದ್ದೆ ಗೋಡೆಯ ವಾಸನೆ. ಚಿದಂಬರ ಹಾಳೆಯ ಮೇಲೆ ಟಾರ್ಚ್ ಬಿಟ್ಟು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಹರಿದುಹಾಕ್ಲಾ ಸರ್?"

"ಹರಿದ್ರೆ ಅವಳನ್ನೇ ಹರಿದ ಹಾಗೆ. ಒರೆಸಿದ್ರೆ ಅವಳ ಮುಖ ಒರೆಸಿದ ಹಾಗೆ. ಬೇರೆ ಕಾಗದದಲ್ಲಿ ಇನ್ನೊಂದು ಮುಖ ಬರೆದು, ಇವಳ ಮುಖದ ಮೇಲೆ ತೇಪೆ ಅಂಟಿಸ್ಬೇಕು. ಗಾಯ ಆ ಮುಖದೋರಿಗೆ ಹೋಗತ್ತೆ. ಅದೂ ಎದುರಿಗೆ ಕಾಣೋ, ಬದುಕಿರೋ ಮುಖ. ಅರೆಬರೆ ಹೋಲಿಕೆ ನಡೆಯಲ್ಲ. ಯಾರು ಕೊಡ್ತಾರಮ್ಮ ಮುಖನ?"

"ನಂದೇ ಬರೀತೀನಿ," ಎಂದಳು. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಚೀಲದಿಂದ ಪುಟ್ಟ ಕನ್ನಡಿ ತೆಗೆದು ಮಸಿಬಾಟಲಿಗೆ ಒರಗಿಸಿದಳು. ಚಿದಂಬರ ಅವಳ ಹಿಂದೆ ನಿಂತು ಟಾರ್ಚ್ ಹಿಡಿದರು. ಅವರು ಅಳುತ್ತಿದ್ದರು. ಅವಳು ಕುಂಚ ಅದ್ದಿದಳು. ಸುಟ್ಟ ಕೂದಲು. ಹಣೆಯ ಗೆರೆ ಎಳೆಯಬೇಕು. ಕೈ ಏಳಲಿಲ್ಲ. ಇಪ್ಪತ್ತಮೂರು ವರ್ಷ. ಸಾಯಬೇಕು. ಈಗಲೇ. ಈ ಗಬ್ಬು ನೆಲಮಾಳಿಗೆಯಲ್ಲಿ. ಕನ್ನಡಿಯಲ್ಲಿ ಅವಳ ಮುಖ ಬೆವರುತ್ತಿತ್ತು. ಅದರ ಹಿಂದೆ, ಭುಜದ ಮೇಲೆ, ಬೆಳಕು ಬಿದ್ದ ಇನ್ನೊಂದು ಮುಖ. ಗುಳಿಬಿದ್ದ ಕೆನ್ನೆ. ಹುಬ್ಬಿನ ಬಿಳಿಗೂದಲು. ಒದ್ದೆ ಕಣ್ಣು.

ಕೈ ಎದ್ದಿತು. ಹಣೆ. ಹುಬ್ಬು. ಮೂಗಿನ ಡೊಂಕು. ಕುಂಚ ಓಡಿತು. ಅವರಿಗೆ ಕಾಣದಂತೆ ಅವಳು ಕಾಗದದ ಮೇಲೆ ಬಾಗಿದಳು. ಬ್ಲೇಡಿನಿಂದ ಕತ್ತರಿಸಿದಳು. ಗೋಂದು ಸವರಿದಳು. ಅಕ್ಕನ ಮುಖದ ಮೇಲೆ ಒತ್ತಿದಳು.

"ಆಯ್ತೇನಮ್ಮ?" ಎಂದು ಚಿದಂಬರ ಅವಳ ತಲೆಯ ಮೇಲೆ ಕೈಯಿಟ್ಟರು.

ಕರೆಂಟ್ ಬಂತು. ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿತು. ಮೇಲೆ ಫ್ಯಾನ್ ಕಿರುಗುಟ್ಟಿ ತಿರುಗತೊಡಗಿತು. ಹಾಳೆಯ ಮೂಲೆ ಗಾಳಿಗೆ ಪಟಪಟಿಸಿತು. ಚಿದಂಬರ ನೋಡಿದರು.

"ನಾನು ನಿನಗೆ ದೀಪ ಹಿಡಿದೆನಲ್ಲಮ್ಮ," ಎಂದರು.

ಮಸಿ ಇನ್ನೂ ಹೊಳೆಯುತ್ತಿತ್ತು. ಅವರು ಫ್ಯಾನಿನ ಸ್ವಿಚ್ಚಿನತ್ತ ಧಾವಿಸಿದರು. ವೈಜಯಂತಿ ಅಡ್ಡ ನಿಂತಳು. ಅವರು ತಳ್ಳಿದರು. ಅವಳು ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಆ ಮುದಿ ಎದೆಯನ್ನು ಹಿಂದಕ್ಕೆ ನೂಕಿದಳು. ಮತ್ತೆ ಬಂದರು. ಮತ್ತೆ ನೂಕಿದಳು. ಅವರ ಉಗುರು ಅವಳ ಕೆನ್ನೆ ಕೆರೆಯಿತು. ಫ್ಯಾನ್ ಜೋರಾಯಿತು. ಹೊಳಪು ಆರಿತು.

ಅವರ ಕುತ್ತಿಗೆಯ ಎರಡೂ ಬದಿಗೆ ಒಮ್ಮೆಗೇ ಹಲ್ಲು ನಾಟಿದಂತೆ ಗುಳಿಗಳು ಬಿದ್ದವು. ಕಾಣದ ದವಡೆಯೊಂದು ಅವರನ್ನು ನೆಲದಿಂದ ಮೊಳದೆತ್ತರ ಎತ್ತಿ ಕೊಡವಿತು. ಮೂಳೆ ಮುರಿದ ಸದ್ದು ಕೇಳಿಸಿತು. ರಕ್ತ ಡ್ರಾಯಿಂಗ್ ಬೋರ್ಡಿಗೆ, ಟ್ಯೂಬ್‌ಲೈಟಿಗೆ, ಅವಳ ಬಾಯಿಗೆ ಚಿಮ್ಮಿತು. ಆಮೇಲೆ ದೇಹ ಕೆಳಗೆ ಬಿತ್ತು.

ಚೀಲದಲ್ಲಿ ಮೊಬೈಲ್ ಹೊಡೆದುಕೊಳ್ಳುತ್ತಿತ್ತು. ಅಕ್ಕ. "ಭಾವಂಗೆ ಎಚ್ಚರ ಆಯ್ತು ಕಣೆ. ಹೊಲಿಗೆ ಹಾಕಿದಾರೆ, ಜೀವಕ್ಕೇನೂ ಇಲ್ವಂತೆ. ಅಚ್ಛಾ, ನೀನೇನಾದ್ರೂ ತಿಂದ್ಯಾ?"

"ಇಲ್ಲ ಅಕ್ಕ. ಬರ್ತೀನಿ," ಎಂದಳು ವೈಜಯಂತಿ. ಅಕ್ಕನ ದನಿ ಕೇಳಿ ಅವಳಿಗೆ ಸಂತೋಷವೇ ಆಯಿತು.

ಫೋನ್ ಇಟ್ಟು ಹಾಳೆಯ ಕಡೆ ತಿರುಗಿದಳು. ಮೃಗದ ಬಾಯೊಳಗಿಂದ ಆ ಮುಖ ಅವಳನ್ನೇ ನೋಡುತ್ತಿತ್ತು: ಡೊಂಕು ಮೂಗು, ನಂಬಿ ಕೂತ ಒದ್ದೆ ಕಣ್ಣು, ಒಂದು ಗೆರೆಯೂ ತಪ್ಪಿಲ್ಲ. ತಾನು ಈವರೆಗೆ ಬರೆದ ಮುಖಗಳಲ್ಲೆಲ್ಲ ಇದೇ ಚೆನ್ನಾಗಿ ಬಂದಿದೆ ಎಂದು ಅವಳಿಗೆ ಹೊಳೆಯಿತು. ಕೊಂದದ್ದಕ್ಕೆ ಅವಳು ಹೇಗೋ ಸಮಾಧಾನ ಹೇಳಿಕೊಂಡಾಳು. ಹಾಗೆ ಹೊಳೆದದ್ದಕ್ಕೆ ಮಾತ್ರ ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.