ಸತ್ತವನು ಮಾರಿದ ಶೇರು

ಮೊಳಕಾಲ್ಮೂರಿನ ನೇಕಾರ ಬೊಮ್ಮಯ್ಯ ತೀರಿಕೊಂಡ ದಿನದಿಂದ ಅವನ ಮಗ್ಗದ ಕೋಣೆಗೆ ಬೀಗ. ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಒಳಗಿಂದ ‘ಟಿಂಗ್’ ಅಂತ ಸದ್ದು ಬಂತಂತೆ. ಬಾಗಿಲು ತೆಗೆದರೆ ಯಾರೂ ಇಲ್ಲ! ಅರ್ಧ ನೇಯ್ದ ಸೀರೆ. ಪಕ್ಕದಲ್ಲಿ, ಚಾರ್ಜಿಗೆ ಹಾಕಿದ್ದ ಹಾಗೇ ಇದ್ದ ಅವನ ಫೋನು. ಅದರಲ್ಲೊಂದು ಸಂದೇಶ — “ಬೊಮ್ಮಯ್ಯನವರೇ, ನಿಮ್ಮ ಶೇರುಗಳು ಮಾರಾಟವಾಗಿವೆ.”

ಸತ್ತವನು ವ್ಯಾಪಾರ ಮಾಡ್ತಾನಾ? ಹೆಡ್ ಕಾನ್‌ಸ್ಟೆಬಲ್ ಪಾಲಣ್ಣ ಅಂದರೆ ನಾನು. ಬೇಕಾದಷ್ಟು ಹೆಣ ನೋಡಿದವನು. ಆದರೂ ಆ ಹೊಸ್ತಿಲಲ್ಲಿ ನಿಂತುಬಿಟ್ಟೆ. ಮಗ್ಗದ ಮೇಲಿನ ಎಳೆಗಳು ತಾವಾಗೇ ಅಲ್ಲಾಡುತ್ತಿದ್ದವು. ಗಾಳಿ ಎಲ್ಲಿಂದ?

“ನೀವು ಮುಂದೆ ನಡೀರಿ ಮೇಡಂ,” ಅಂದೆ. ಚಳ್ಳಕೆರೆಯಿಂದ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ವನಜಾಕ್ಷಿ ನಕ್ಕು ಒಳಗೆ ಹೋದರು.

ದೂರು ಕೊಟ್ಟವಳು ಬೊಮ್ಮಯ್ಯನ ತಾಯಿ ಪೆದ್ದಮ್ಮ. ದೂರು ಸೊಸೆ ಚೌಡೇಶ್ವರಿಯ ಮೇಲೆ.

“ಬೀಗದ ಕೈ ನನ್ನ ಸೊಂಟದಾಗಿತ್ತು. ನಾನು ನಿದ್ದೆ ಹೋದಾಗ ಎಗರಿಸ್ಯಾಳೆ. ಫೋನಿನ ಗುಟ್ಟಿನ ನಂಬರು ಗೊತ್ತಿರೋದು ಇವಳೊಬ್ಬಳಿಗೇ! ಸಂಜೆಯೊಳಗೆ ರಾಂಪುರಕ್ಕೆ, ತವರಿಗೆ ಅಟ್ತೀನಿ. ಮತ್ತೆ ಈ ಮನೆ ತುಳೀಕೂಡದು.”

ಚೌಡೇಶ್ವರಿ ಅಳಲಿಲ್ಲ. ಮಗ್ಗವನ್ನೇ ನೋಡುತ್ತಿದ್ದಳು.

“ನಾನು ಮುಟ್ಟಿಲ್ಲ ಅತ್ತೆ. ಅವರೇ ಬಂದಿದ್ರೇನೋ...”

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ದುಡ್ಡು ಯಾರ ಕೈಗೆ ಹೋಯ್ತು?” ಮೇಡಂ ಕೇಳಿದರು.

“ನೋಡಿಲ್ಲ ಮೇಡಂ,” ಅಂದ ಬೊಮ್ಮಯ್ಯನ ತಮ್ಮ ದೇವೇಂದ್ರ. “ಆ ಫೋನ್ ಮುಟ್ಟಾಕೆ ಹೆದರಿಕೆ.”

ಚೌಡೇಶ್ವರಿ ನಂಬರು ಹೇಳಿದಳು. ಮೇಡಂ ಫೋನು ತೆರೆದು ಬೆರಳಾಡಿಸತೊಡಗಿದರು.

“ಶೇರು ಅಂದ್ರೇನ್ರಿ ಮೇಡಂ?” ಅಂದೆ. “ನನಗೆ ಶೇರ್ ಆಟೋ ಒಂದೇ ಗೊತ್ತು.”

“ಕಂಪನಿಯಲ್ಲೊಂದು ಪಾಲು, ಪಾಲಣ್ಣ. ಅದನ್ನ ಇಡೋ ಖಾತೆ ಡಿಮ್ಯಾಟ್. ನಮ್ಮ ಪರವಾಗಿ ಶೇರು ಪೇಟೆಯಲ್ಲಿ ಕೊಂಡು ಮಾರೋನು ಬ್ರೋಕರ್.” ತಟ್ಟನೆ ಮುದುಕಿಯ ಕಡೆ ತಿರುಗಿದರು. “ಅವ್ವ, ನಿಮ್ಮ ಮಗ ಸೀರೆ ಹೆಂಗೆ ಮಾರ್ತಿದ್ದ?”

“ಈಗ ಸೀರೆ ಮಾತ್ಯಾಕೆ?”

“ಹೇಳ್ರಿ!”

“ಅಂಗಡಿಯಾಗೆ ನಿಂತು ಚೌಕಾಸಿ ಮಾಡೋನಲ್ಲ. ಸೀರೆ ಇಟ್ಟು, ಬೆಲೆ ಹೇಳಿ ಎದ್ದು ಬರೋನು. ಅಷ್ಟು ಬಂದ್ರೆ ಕೊಡು, ಇಲ್ಲಾಂದ್ರೆ ಮಡಚಿಡು ಅನ್ನೋನು.”

ಮೇಡಂ ಫೋನು ಎತ್ತಿ ತೋರಿಸಿದರು.

“ಎಲ್ಲರೂ ಸಂದೇಶ ನೋಡಿದ್ರಿ, ಬೆಲೆ ನೋಡಲಿಲ್ಲ. ಕಳ್ಳನಿಗೆ ಆತುರ. ಆ ಗಳಿಗೆಯಲ್ಲಿ ಪೇಟೆಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಮಾರ್ತಾನೆ — ಅದು ಮಾರ್ಕೆಟ್ ಆರ್ಡರ್. ಇದು ಶೇರಿಗೆ ಸರಿಯಾಗಿ ಏಳುನೂರು ರೂಪಾಯಿಯಂತೆ ಹೋಗೈತೆ. ಆ ಬೆಲೆ ಬಂದ್ರೆ ಮಾತ್ರ ಮಾರು ಅಂತ ಮೊದಲೇ ಹೇಳಿಟ್ಟ ಆರ್ಡರ್ ಇದು. ತಾರೀಕು ಬೊಮ್ಮಯ್ಯ ಸಾಯೋ ಮುಂಚಿಂದು. ಹಂಗೆ ಮಾರೋಕೆ ಬ್ರೋಕರಿಗೆ ಒಪ್ಪಿಗೆಯೂ ಕೊಟ್ಟಾನೆ. ಯಾರೂ ಫೋನ್ ಮುಟ್ಟಬೇಕಿಲ್ಲ. ಇವತ್ತು ಬೆಳಗ್ಗೆ ಪೇಟೆ ತೆರೀತು, ಬೆಲೆ ಬಂತು, ಶೇರು ಹೋಯ್ತು.”

“ಹಂಗಾದ್ರೆ... ಮಾರಿದ್ದು ಯಾರು?” ದೇವೇಂದ್ರ ಕೇಳಿದ.

“ಬೊಮ್ಮಯ್ಯನೇ. ಬದುಕಿದ್ದಾಗ ಸೀರೆಯಂಗೇ ಶೇರನ್ನೂ ಬೆಲೆ ಕಟ್ಟಿ ಇಟ್ಟು ಬಂದಾನೆ. ದುಡ್ಡು ಅವನ ಖಾತೆಯಾಗೇ ಐತೆ. ತನ್ನ ನಂತರ ಪಡೀಲಿ ಅಂತ ನಾಮಿನಿ ಮಾಡಿರೋದು ಚೌಡೇಶ್ವರಿಯನ್ನ.”

ಪೆದ್ದಮ್ಮ ಕುಸಿದು ಕೂತಳು. ಸೊಸೆಯ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

“ಇನ್ನೊಂದು ಆರ್ಡರ್ ಬಾಕಿ ಐತೆ,” ಅಂದರು ಮೇಡಂ, ಮೆಲ್ಲಗೆ. “ಬ್ರೋಕರಿಗೆ ಸಾವಿನ ಸುದ್ದಿ ಗೊತ್ತಿಲ್ಲ. ಬೊಮ್ಮಯ್ಯ ಇಲ್ಲ ಅಂತ ತಿಳಿಸಮ್ಮ, ಖಾತೆ ನಿಲ್ಲಿಸ್ತಾರೆ.”

ಚೌಡೇಶ್ವರಿ ಫೋನು ಇಸಕೊಂಡಳು. ಬೆರಳು ಮುಂದೆ ಹೋಗಲಿಲ್ಲ. ಆಗ ಅವಳ ಅಳು ಒಡೆಯಿತು.

“ಬ್ರೋಕರ್ ಲೆಕ್ಕದಾಗೆ ಇವರಿನ್ನೂ ಬದುಕ್ಯಾರಾ ಮೇಡಂ?”

ಪೆದ್ದಮ್ಮ ತೆವಳಿಕೊಂಡು ಬಂದು ಸೊಸೆಯ ಕೈ ಹಿಡಿದಳು.

“ನಾಳೆ ಹೇಳಾನ, ನನ್ನ ತಾಯಿ. ಇವತ್ತೊಂದಿನ ಇರ್ಲಿ ನನ್ನ ಮಗ.”