ಹೊಟ್ಟೆಕಿಚ್ಚಿಗೆ ಬೆಳೆಯುವ ಬೆಟ್ಟ

ಬಹಳ ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟುವ ಮೊದಲು, ನವಿಲುಗೊಂಡಿ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಒಂದೇ ಬೆಟ್ಟ. ಬೆಳಕು ಹರಿಯುತ್ತಲೇ ಜನ ನಾಯಿಗಳನ್ನು ಕರೆದುಕೊಂಡು ಹತ್ತುವರು. ಬಿದಿರು ಮೆಳೆ ದಾಟಿ, ಝರಿ ದಾಟಿ, ನೆತ್ತಿಯ ಮೇಲೆ ಹೋಗಿ ಕೂರುವರು. ಅಲ್ಲಿಂದ ಏಳು ಕೆರೆ ಕಾಣುತ್ತಿದ್ದವು. ಬುತ್ತಿ ಬಿಚ್ಚಿದರೆ ಮೊದಲ ತುತ್ತು ನಾಯಿಗೆ. ದಾರಿ ತೋರಿಸಿದ್ದು ಅದಲ್ಲವೇ? ಆಮೇಲೆ ತಾವು ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವರು.

ಒಂದು ದಿನ ಕರಿಬೂದಯ್ಯ ಎಂಬ ಮಾಟಗಾರ ನೆತ್ತಿಗೆ ಬಂದ. ಏಳು ಕೆರೆ ನೋಡಿದ.

"ಇಂಥ ಚೆಂದ ಕಂಡಕಂಡವರಿಗೆಲ್ಲ ಯಾಕೆ? ನನಗೊಬ್ಬನಿಗೇ ಇರಲಿ" ಅಂದ.

ಮಂತ್ರ ಹಾಕಿದ. ಹೊಟ್ಟೆಕಿಚ್ಚು ಇಟ್ಟುಕೊಂಡು ಹತ್ತಿದವರ ಕಾಲಡಿ ಬೆಟ್ಟ ಬೆಳೆಯಬೇಕು. ಹೊತ್ತು ಮುಳುಗಿದಾಗ ಮೇಲೆ ಉಳಿದವರು ಕಲ್ಲಾಗಬೇಕು.

ಅವತ್ತು ಹಾಲಪ್ಪ ಎಂಬುವನ ಹೆಂಡತಿ ಸಿರಿಯವ್ವ ನೆತ್ತಿಯ ಮೇಲಿದ್ದಳು. ತನ್ನ ಹೆಣ್ಣು ನಾಯಿ ಗುಬ್ಬಿಯ ಜೊತೆ ನಗುತ್ತಿದ್ದಳು. ಆ ನಗುವನ್ನು ಮಾಟಗಾರನಿಗೆ ಸಹಿಸಲಾಗಲಿಲ್ಲ. ಹೊತ್ತು ಮುಳುಗುವ ತನಕವೂ ಕಾಯದೆ ಅವಳನ್ನು ಕಲ್ಲು ಮಾಡಿದ. ಸಂಜೆ ಗುಬ್ಬಿಯೊಂದೇ ಮನೆಗೆ ಬಂತು. ಆಮೇಲೆ ಹತ್ತಿದವರಲ್ಲಿ ಹಲವರು ದಾರಿಯಲ್ಲೇ ಕಲ್ಲಾದರು; ತಪ್ಪಿಸಿಕೊಂಡು ಬಂದವರು ಸಿರಿಯವ್ವ ಕಲ್ಲಾದದ್ದನ್ನು ಹೇಳಿದ ಮೇಲೆ ಯಾರೂ ಬೆಟ್ಟ ಹತ್ತಲಿಲ್ಲ.

ಮಾರನೆಯ ದಿನದಿಂದ ಗುಬ್ಬಿ ಬೆಳಗಾದರೆ ಬೆಟ್ಟಕ್ಕೆ ಹೋಗುವುದು, ಸಂಜೆ ಬರುವುದು. ಬಂದಾಗ ಅದರ ಮೈಮೇಲೆ ಸಿರಿಯವ್ವ ಮುಡಿಯುತ್ತಿದ್ದ ಮರುಗದ ವಾಸನೆ. ಹಾಲಪ್ಪನಿಗೆ ಹತ್ತುವ ಎದೆಯಿಲ್ಲ. ಹೊಟ್ಟೆ ಮಾತ್ರ ಉರಿಯುವುದು.

"ಇದ್ದಾಗಲೂ ಅವಳ ಮೊದಲ ತುತ್ತು ನಿನಗೇ. ಕಲ್ಲಾದ ಮೇಲೂ ಅವಳು ನಿನಗೇ. ತಾಳಿ ಕಟ್ಟಿದವನು ನಾನು ಕಣೇ!"

ಹಾಗೆ ಬಯ್ದು, ತಾನು ಸುಟ್ಟ ಸೀದ ರೊಟ್ಟಿಯನ್ನು ಅದರ ಮುಂದೆ ಎಸೆಯುವನು. ಗುಬ್ಬಿ ಅರ್ಧ ತಿಂದು, ಅರ್ಧ ಕಚ್ಚಿಕೊಂಡು ಹೋಗುವುದು.

"ನೋಡು ಸೊಕ್ಕು! ನನ್ನ ರೊಟ್ಟಿ ಮಣ್ಣಿಗೆ ಹೂಳ್ತದೆ. ಅಲ್ಲಿ ಅವಳೇ ಉಣ್ಣಿಸ್ತಾಳೇನೋ."

ಕೊನೆಗೊಂದು ಬೆಳಗ್ಗೆ ಆ ಉರಿ ತಾಳದೆ, ಬುತ್ತಿ ಕಟ್ಟಿಕೊಂಡು ಗುಬ್ಬಿಯ ಹಿಂದೆ ಹೊರಟ.

ಬಿದಿರು ಮೆಳೆಯಲ್ಲಿ ಮಾತಾಡುವ ಹುಲಿಯೊಂದು ಮಲಗಿತ್ತು.

"ಲೋ ಹಾಲಪ್ಪ, ಮುಂದೆ ಯಾರು, ಹಿಂದೆ ಯಾರು?"

"ಮುಂದೆ ನಾನು. ನಾಯಿ ಹಿಂದೆ ಹೋಗೋಕೆ ನನಗೇನು ಬಾಲ ಇದೆಯೇ?"

ಹುಲಿ ಮೀಸೆಯಲ್ಲೇ ನಕ್ಕು ದಾರಿ ಬಿಟ್ಟಿತು. ಕಾಲಡಿ ನೆಲ ಗುಡುಗಿತು. ಬೆಟ್ಟ ತಾಳೆಮರದಷ್ಟು ಬೆಳೆಯಿತು.

ಝರಿಗೆ ಅಡ್ಡಲಾಗಿ ಹೆಬ್ಬಾವೊಂದು ಸೇತುವೆಯ ಹಾಗೆ ಬಿದ್ದಿತ್ತು. ಹಾಲಪ್ಪ ಅಲ್ಲೇ ಕುಳಿತು ಬುತ್ತಿ ಬಿಚ್ಚಿದ. ಮೊದಲ ತುತ್ತು ತನ್ನ ಬಾಯಿಗೇ ಹಾಕಿಕೊಂಡ. ಗುಬ್ಬಿ ಮುಖ ತಿರುಗಿಸಿತು.

"ಮುಂದೆ ಯಾರು, ಹಿಂದೆ ಯಾರು?" ಹೆಬ್ಬಾವು ಕೇಳಿತು.

"ಮುಂದೆ ನಾನೇ."

"ಉಣ್ಣೋದರಲ್ಲೂ ನೀನೇ ಮುಂದೆ. ಹತ್ತು ಮಗಾ, ಹತ್ತು."

ಬೆಟ್ಟ ಮತ್ತೆ ಬೆಳೆಯಿತು, ಎರಡು ತಾಳೆಮರದಷ್ಟು. ಹೊತ್ತು ವಾಲಿತು. ಹಾಲಪ್ಪ ಮತ್ತೆ ಮತ್ತೆ ಹಿಂದೆ ಬಿದ್ದ. ಗುಬ್ಬಿ ತಿರುತಿರುಗಿ ಬಂದು ಪಂಚೆಯ ಚುಂಗು ಕಚ್ಚಿ ಎಳೆಯಿತು. ಹಾಗೆ ಎಳೆಸಿಕೊಂಡೇ ನೆತ್ತಿ ಸೇರಿದ.

ಸಿರಿಯವ್ವ ಕಲ್ಲಾಗಿ ಕುಳಿತಿದ್ದಳು. ತುತ್ತು ಕೊಡುವವಳ ಹಾಗೆ ಕೈ ಮುಂದೆ ಚಾಚಿತ್ತು. ಅವಳ ಕಾಲ ಬುಡದಲ್ಲಿ ಒಂದು ಗುಡ್ಡೆ. ಅರ್ಧರ್ಧ ರೊಟ್ಟಿಗಳು. ಒಣಗಿದ್ದು, ಬೂಸ್ಟು ಹಿಡಿದದ್ದು, ನಿನ್ನೆಯದು. ಎಲ್ಲದರ ಅಂಚೂ ಸೀದಿತ್ತು.

ಹಾಲಪ್ಪ ನಿಂತಲ್ಲೇ ಕುಕ್ಕರಿಸಿದ.

"ಮುಂದೆ ಯಾರು, ಹಿಂದೆ ಯಾರು?" ನೆತ್ತಿಯ ಅಂಚಿನಿಂದ ಕರಿಬೂದಯ್ಯ ಗಹಗಹಿಸಿದ. "ಬೇಗ ಹೇಳಯ್ಯ, ಹೊತ್ತು ಮುಳುಗ್ತಿದೆ."

"ಮುಂದೆ ಗುಬ್ಬಿ," ಅಂದ ಹಾಲಪ್ಪ. "ಹಿಂದೆ ನಾನು. ಅವಳು ಹಸಿದಿರ್ತಾಳೆ ಅಂತ ಇದಕ್ಕೆ ಹೊಳೀತು. ನನಗೆ ಹೊಳೀಲಿಲ್ಲ."

ಬುತ್ತಿಯಲ್ಲಿ ಒಂದೇ ಚೂರು ಉಳಿದಿತ್ತು. ಅದನ್ನು ಎಸೆಯಲಿಲ್ಲ. ಅಂಗೈಯಲ್ಲಿಟ್ಟು ಚಾಚಿದ. ಗುಬ್ಬಿ ಅಷ್ಟನ್ನೂ ತಿಂದು ಕೈ ನೆಕ್ಕಿತು.

ಧಡಾರ್ ಎಂದು ಬೆಟ್ಟ ಹಳೆಯ ಎತ್ತರಕ್ಕೆ ಇಳಿಯಿತು. ಅಂಚಿನಲ್ಲಿ ಕುಳಿತಿದ್ದ ಕರಿಬೂದಯ್ಯ ಉರುಳಿ ಏಳನೆಯ ಕೆರೆಗೆ ಬಿದ್ದು ಕಪ್ಪೆಯಾದ. ದಾರಿಯ ಕಲ್ಲುಗಳೆಲ್ಲ ಮೈಮುರಿದು ಮನುಷ್ಯರಾಗಿ ಎದ್ದವು. ಸಿರಿಯವ್ವ ಕಣ್ಣು ಬಿಟ್ಟಳು.

"ಏನ್ರೀ, ಇಷ್ಟು ಸೊರಗಿದ್ದೀರಾ! ಗುಬ್ಬಿಗೆ ಮೊದಲು ಹಾಕಿದ್ರಾ?"

ಹಾಲಪ್ಪನಿಗೆ ಹಳೆಯ ಉರಿ ಚುರುಕ್ ಎಂದಿತು. ಬೆಟ್ಟ ಒಂದು ಬೆರಳು ಮೇಲೆದ್ದಿತು.

"ಅಯ್ಯೋ, ನೆಲ ಅಲ್ಲಾಡ್ತಲ್ರೀ!"

"ಏನಿಲ್ಲ, ನಡಿಯೇ. ಕತ್ತಲಾಗ್ತದೆ."

ಮುಂದೆ ಗುಬ್ಬಿ, ನಡುವೆ ಸಿರಿಯವ್ವ, ಹಿಂದೆ ಹಾಲಪ್ಪ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು.

ಅಂದಿನಿಂದ ನವಿಲುಗೊಂಡಿಯವರು ಮತ್ತೆ ನಾಯಿಗಳ ಜೊತೆ ಬೆಟ್ಟ ಹತ್ತಿದರು, ಏಳು ಕೆರೆ ನೋಡಿದರು, ಸುಖವಾಗಿದ್ದರು. ಬೆಟ್ಟ ಮಾತ್ರ ಮೊದಲಿಗಿಂತ ಒಂದು ಬೆರಳು ಎತ್ತರವೇ ಉಳಿಯಿತು. ಇರಲಿ. ಹೆಂಡತಿ ಜೊತೆಗಿದ್ದರೆ ಒಂದು ಬೆರಳು ಹೆಚ್ಚಿಗೆ ಹತ್ತುವುದು ಯಾವ ಕಷ್ಟ?